ಕರೆಂಟ್ ಬಂತೆಂದು ಒದರುವ ಡಬ್ಬಿ

ಶಿವಗಂಗಾ ಮಾಡಿದ ಡಬ್ಬಿಯ ದನಿ ಬಹಳ ಸಣ್ಣದಿತ್ತು. ಆ ದಿನದ ರಾಮಾಯಣಕ್ಕೆಲ್ಲ ಅದೇ ಮೂಲ.

ಬಾವಿಗಳಿಗೆ ತ್ರೀ ಫೇಜ್ ಕರೆಂಟ್ ಯಾವ ಗಳಿಗೆಯಲ್ಲಿ ಬರುತ್ತದೆಂದು ರಾಯಬಾಗದ ಸುತ್ತ ಯಾವ ಪಂಚಾಂಗವೂ ಹೇಳುತ್ತಿರಲಿಲ್ಲ. ಅದು ಬಂದೊಡನೆ ಈ ಡಬ್ಬಿ ‘ಗುಂಯ್’ ಎನ್ನುತ್ತಿತ್ತು. ಕೇಳಿದವನು ಹೋಗಿ ಮೋಟರಿನ ಗುಂಡಿ ಒತ್ತಿದರಾಯಿತು. ಪುಣೆಯಲ್ಲಿ ಇಲೆಕ್ಟ್ರಾನಿಕ್ಸ್ ಕಂಪನಿ ಕಟ್ಟಿದ ಅಣ್ಣ-ತಂಗಿ ಶಾಂತಿನಾಥ, ಸುಗಂಧಾ ಅಂದು ತಾವು ಕಲಿತ ಕಾಲೇಜಿಗೆ ಬರುವವರಿದ್ದರು. ಒಬ್ಬ ವಿದ್ಯಾರ್ಥಿಯನ್ನು ಆರಿಸಿ, ಅಲ್ಲೇ ಕೋಣೆ, ಸಾಮಾನು ಕೊಟ್ಟು, ಸ್ವಂತ ಉದ್ಯೋಗಕ್ಕೆ ಹಚ್ಚುವುದು ಅವರ ವಿಚಾರ. ಆಯ್ಕೆಯಾಗದಿದ್ದರೆ ಅದೇ ಕಾಲೇಜಿನ ಕೊನೆಯ ವರ್ಷದ ಶಿವಗಂಗಾಳಿಗೆ ಸೋಮವಾರದಿಂದ ನಿಪ್ಪಾಣಿಯ ಮಾವನ ತಂಬಾಕಿನ ವಖಾರದಲ್ಲಿ ಲೆಕ್ಕ ಬರೆಯುವ ಕೆಲಸ.

“ಇದೇನ್ ಬೇ, ಗುಂಗಾಡಿಗೆ ನೆಗಡಿ ಬಂದಂಗ ಒದರತೈತಿ!” ಎಂದಳು ಪಕ್ಕದ ಮನೆಯ ಕೆಂಚವ್ವ. “ನೀನೂ ಮಾತಾಡಾಂಗಿಲ್ಲ, ನಿನ್ನ ಡಬ್ಬೀನೂ ಮಾತಾಡಾಂಗಿಲ್ಲ!”

“ಒಂದ್ ಮನಿಗೆ ಕೇಳಿದ್ರ ಸಾಕಲ್ರಿ ದೊಡ್ಡವ್ವಾ...”

ಮದುವೆಗಳಿಗೆ ಧ್ವನಿವರ್ಧಕದ ಭೋಂಗಾ ಬಾಡಿಗೆ ಕೊಡುವ ಬಾಬಾಸಾಹೇಬ ಗೋಡೆಯಾಚೆಯಿಂದ ತಲೆ ಎತ್ತಿದ. “ಕಾಳಜಿ ಬ್ಯಾಡ ತಂಗಿ, ನಾ ಅದೀನಲ್ಲ!”

“ಬ್ಯಾಡ್ರಿ ಅಣ್ಣಾ” ಎಂದಳು ಶಿವಗಂಗಾ. ಅದು ಅವಳಿಗಷ್ಟೇ ಕೇಳಿಸಿತು.

ಮಧ್ಯಾಹ್ನದ ಹೊತ್ತಿಗೆ ಕಾಲೇಜಿನ ಮಾಳಿಗೆಯ ಮೇಲೆ ನಾಲ್ಕು ಭೋಂಗಾಗಳು ಹಸಿದ ಕಾಗೆಮರಿಗಳಂತೆ ನಾಲ್ಕು ದಿಕ್ಕಿಗೆ ಬಾಯಿ ತೆರೆದಿದ್ದವು. ಡಬ್ಬಿಯ ವೈರು ಅವಕ್ಕೇ ಸೇರಿತ್ತು. “ಇದು ಒದರಿತಂದ್ರ ಕರೆಂಟ್ ಬಂತಂತ ತಿಳೀರಿ” ಎಂದು ಬಾಬಾಸಾಹೇಬ ಊರಿಗೆಲ್ಲ ಸಾರಿಯೂ ಬಿಟ್ಟಿದ್ದ.

ಸಭೆಯಲ್ಲಿ ಡಬ್ಬಿಯ ವಿಷಯ ಹೇಳಲು ಎದ್ದ ಶಿವಗಂಗಾ ಆ ಡಬ್ಬಿಯ ಹಿಂದೆಯೇ ಅಡಗಲು ನೋಡಿದಳು.

“ಹೆದರಬ್ಯಾಡವಾ” ಎಂದಳು ಸುಗಂಧಾ. “ನಾನೂ ಇದ ಜಾಗಾದಾಗ ನಿಂತು ಅತ್ತಾಕಿ.”

ಶಿವಗಂಗಾ ಬಾಯಿ ತೆರೆದಳು. ಕರೆಂಟ್ ಬಂತು. ಭೋಂಗಾಗಳು ಕೋಣ ಗುಟುರು ಹಾಕಿದಂತೆ ಒದರಿದವು.

“ಬಂತಲೇ!” ಎಂದು ಹಿಂದಿನ ಸಾಲು ಎದ್ದಿತು. ಮುಂದಿನ ಸಾಲಿನ ಮಾಸ್ತರರೂ ಎದ್ದರು. ಭಾಷಣದ ಚೀಟಿ ಕೈಯಲ್ಲೇ ಹಿಡಿದು ಪ್ರಿನ್ಸಿಪಾಲರು ಕಿಟಕಿ ಹಾರಿದರು. ಕಾಂಪೌಂಡಿಗೆ ಹೊಂದಿಕೊಂಡೇ ಅವರ ಕಬ್ಬಿನ ಹೊಲವಿತ್ತು.

ಖಾಲಿ ಕುರ್ಚಿಗಳ ನಡುವೆ ಶಾಂತಿನಾಥ ಬಿದ್ದು ಬಿದ್ದು ನಕ್ಕ. “ನಮ್ಮ ಮಾಲಿಗೆ ಗಿರಾಕಿ ಹಿಂಗ ಓಡಿದ್ದ ಕಂಡೀಯೇನ ಸುಗಂಧಾ? ಈಕೀನ ಬಿಟ್ಟ ಇನ್ಯಾರನ್ನ ಆರಸೂದು? ತಗೋ ತಂಗಿ, ಕೋಣೀ ಕೀಲಿ!”

ಶಿವಗಂಗಾ ಕೀಲಿ ಹಿಡಿದಳು. ಹಿತ್ತಲಲ್ಲಿ ‘ಢಮ್’ ಎಂದಿತು. ಫ್ಯಾನು ನಿಂತಿತು.

ಮಸಿ ಮುಖದ ಲೈನ್‌ಮನ್ ಭೀಮಸಿ ಒಳಬಂದ. “ಟೀಸಿ ಸುಟ್ಟತ್ರಿ, ಟ್ರಾನ್ಸ್‌ಫಾರ್ಮರ! ಒಬ್ಬರ ಹಿಂದೊಬ್ಬರು ಮೋಟರ್ ಚಾಲೂ ಮಾಡಿದ್ರ ತಡೀತಿತ್ತು. ಎಲ್ಲಾರೂ ಒಮ್ಮೆಗೇ ಮಾಡ್ಯಾರ. ಕಾಲೇಜಿಗೂ ಅದರದ ಲೈನ್. ಚಿಕ್ಕೋಡಿಯಿಂದ ಹೊಸಾದು ಬರಬೇಕಂದ್ರ ಒಂದ್ ತಿಂಗಳ!”

ಅವನ ಬೆನ್ನಿಗೇ ರೈತರ ದಂಡು ಒದರುತ್ತ ಬಂತು: “ಎಲ್ಲಿ ಅದಾಳ ಆ ಡಬ್ಬಿ ಹುಡುಗಿ?”

ಸುಗಂಧಾ ಅವಳನ್ನು ಹೊಸ ಕೋಣೆಯೊಳಗೆ ನೂಕಿದಳು. “ಚಿಲಕಾ ಹಾಕ್ಕೋ. ಒಬ್ಬರಾದ ಮ್ಯಾಲೊಬ್ಬರನ್ನ ಕರಿಯೂ ಡಬ್ಬಿ ಮಾಡು. ಇವರನ್ನ ನಾವ್ ನೋಡ್ಕೋತೀವಿ.”

ಕಿಟಕಿಯಿಲ್ಲದ ಕೋಣೆ, ಒಳಗೆ ಗವ್ವೆನ್ನುವ ಕತ್ತಲೆ. ಆದರೂ ಶಿವಗಂಗಾಳ ತಲೆಯಲ್ಲಿ ಹೊಸ ಡಬ್ಬಿ ಆಗಲೇ ಅರ್ಧ ಸಿದ್ಧವಾಗಿತ್ತು. ಮೇಜು ತಡವಿದಳು, ಬೆಸುಗೆಯ ಕಡ್ಡಿ ಸಿಕ್ಕಿತು. ಜನ್ಮದಲ್ಲಿ ಮೊದಲ ಸಲ ಗಂಟಲು ಬಿಚ್ಚಿ ಕೂಗಿದಳು:

“ಅಕ್ಕಾರ! ಇದನ್ನ ಕಾಯ್ಸಾಕ ಕರೆಂಟ್ ಬೇಕ್ರೀ!”

ಹೊರಗಿನಿಂದ ದಂಡೆಲ್ಲ ಒಂದೇ ದನಿಯಲ್ಲಿ ಉತ್ತರಿಸಿತು:

“ನಮಗೂ ಬೇಕಾಗೇತಿ!”