ಕಾಕಾ ನಿವೃತ್ತರಾದದ್ದು

ನಮ್ಮ ಕಾಕಾ ಒಟ್ಟು ಐದು ಸಲ ನಿವೃತ್ತರಾದರು. ಮೊದಲ ನಾಲ್ಕು ಸಲ ಕಚೇರಿಗೆ ಅದರ ಸುದ್ದಿಯೇ ಇರಲಿಲ್ಲ.

ಧಾರವಾಡದ ಕಡೆಯವರಾದ ಅವರು ಪುಣೆಯ ಸರ್ಕಾರಿ ಕಚೇರಿಯೊಂದರಲ್ಲಿ ದಿನಾ ಮಾಳಿಗೆಯ ಗಚ್ಚಿ ಹತ್ತಿ ಮಳೆ-ಗಾಳಿ ಅಳೆದು ವರದಿ ಬರೆಯುತ್ತಿದ್ದರು. ಕಡುಬೇಸಿಗೆಯಲ್ಲೂ ಬಗಲಲ್ಲಿ ಕೊಡೆ. “ಇವತ್ತು ಮಳಿ ಇಲ್ಲಂತ ನೀವ ಬರದೀರಲ್ರಿ?” ಎಂದು ಕೇಳಿದರೆ, “ಬರದಾಂವ ನಾನ ಅಲ್ಲೇನು? ಅದಕ್ಕ ಕೊಡಿ ತಗೊಂಡೀನಿ” ಎನ್ನುತ್ತಿದ್ದರು.

ಕಾಲೇಜಿಗೆಂದು ನಾನು ಸದಾಶಿವ ಪೇಠೆಯಲ್ಲಿ ಕಾಕಾ ಮತ್ತು ಅವರ ಹೆಂಡತಿ ಕಾಕುವಿನ ಮನೆಯಲ್ಲಿದ್ದೆ. ಕಾಕಾಗೆ ಐವತ್ತೈದು ತುಂಬಿದಾಗ ಯುದ್ಧ ನಡೆದಿತ್ತು, ಕಚೇರಿಯಲ್ಲಿ ಜನ ಸಾಲದು. ಬೇಕಾದರೆ ಇನ್ನೆರಡು ವರ್ಷ ಇರಿ ಎಂದು ಸಾಹೇಬರು ಕಾಗದ ಕೊಟ್ಟರು. ಅಂದಿನಿಂದ ನಮ್ಮ ಮನೆಯ ಹವೆ ಕೆಟ್ಟಿತು. ಚಹಾದ ಹೊತ್ತಿಗೆ ನಿವೃತ್ತಿ. ಸ್ನಾನ ಮುಗಿಯುವುದರೊಳಗೆ ಮತ್ತೆ ನೌಕರಿ! ಹಾಲಿನವನನ್ನೂ ಬಿಡದೆ ಮರಾಠಿಯಲ್ಲಿ ಸಲಹೆ ಕೇಳಿದರು. ಈ ವಿಷಯ ನನ್ನ ಎಮ್ಮೆ ಎಂದೂ ಎತ್ತಿಲ್ಲ ಎಂದ ಆತ.

ಕೊನೆಗೆ ಒಂದು ರವಿವಾರ ನಿವೃತ್ತಿಯ ತಾಲೀಮು ನಡೆಸಿದರು. ಹತ್ತು ಗಂಟೆಗೆ ಆರಾಮ ಕುರ್ಚಿಯಲ್ಲಿ ಕೂತರು. ಹತ್ತೂವರೆಗೆ ಬೇಸರ ಬಂದು ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದರು. ಕಾಕು ಒಂದೇ ಮಾತು ಹೇಳಿದರು: “ನೀವು ಆಫೀಸಿಗೆ ಹೋಗ್ರಿ.”

ಅಂದು ಸಾರು ಸಿಹಿಯಾಗಿತ್ತು, ಪಾಯಸ ಉಪ್ಪಾಗಿತ್ತು. ನಾನು ನಕ್ಕೆ. ಕಾಕಾ ನಗಲಿಲ್ಲ. ಎದ್ದು ಹೋಗಿ ಒಂದು ಡಬ್ಬಿಯನ್ನು ತೆರೆದು ಕಾಕುವಿನ ಮುಖದ ಮುಂದೆ ಹಿಡಿದರು.

“ಇದರಾಗ ಏನದ?”

ಕಾಕು ಕೈಹಾಕಿ, “ಅಕ್ಕಿ” ಎಂದರು.

“ಮುಟ್ಟದ ಹೇಳು.”

ಕಾಕುವಿನ ಕೈ ಮತ್ತೆ ಡಬ್ಬಿಯ ಕಡೆಗೇ ಹೋಯಿತು.

“ಎಷ್ಟು ದಿನಾತು ಕಾಣವಲ್ದಾಗಿ?”

“ವರ್ಷಾತ್ರಿ. ನೀವು ಕೆಲಸದಾಗಿದ್ರಿ.”

ಸೋಮವಾರ ಕಾಕಾ ಸಾಹೇಬರ ಕಾಗದದ ಮೇಲೆ ‘ಬೇಡ’ ಎಂದು ಬರೆದುಕೊಟ್ಟು ಬಂದರು.

“ನನ್ನ ಸಲುವಾಗಿ ಬಿಟ್ರೇನು?” ಎಂದು ಕಾಕು ಸಿಟ್ಟಾದರು.

“ನಿನ್ನ ಸಲುವಾಗಿ ಯಾರು ಬಿಟ್ಟಾರ? ಅಲ್ಲಿ ಗಚ್ಚಿ ಹತ್ತಿ ಇಳದು ಮೊಣಕಾಲು ಭಾಳ ನೋಯ್ತಾವ.”

ಆ ಸಂಜೆ ಕಾಕುವಿನ ಕೈಹಿಡಿದು ಲಕ್ಷ್ಮೀ ರಸ್ತೆಗೆ ಹೊರಟರು. ಗಂಡನಾದವನು ಹೆಂಡತಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದ ಕಾಲ ಅದು. ಅಂಗಡಿಯವರು ಎದ್ದು ನಿಂತು ನೋಡಿದರು. ಹಿಂದೆ ಬರುತ್ತಿದ್ದ ನಾನು ಪರಿಚಯವಿಲ್ಲದವನ ಹಾಗೆ ತುಸು ದೂರ ಸರಿದೆ.

“ಕೈ ಬಿಡ್ರಿ, ಮಂದಿ ನೋಡ್ತಾರ” ಎಂದರು ಕಾಕು.

“ನೋಡ್ಲಿ. ಇಲ್ಲೊಂದು ಕಲ್ಲದ, ಸಾವಕಾಶ ದಾಟು. ನನಗೇನು ಎಲ್ಲಿಗೂ ಹೊತ್ತಾಗಿಲ್ಲ.”