ಪುಟಾನ ಕೇಳು

ಆ ಭಾನುವಾರ ನಮ್ಮ ಮನೆಯವರು ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ತಾವು ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ಅವರಿಗೆ ಬೇಕಾಗಿದ್ದು ನನ್ನ ಬುದ್ಧಿಯಲ್ಲ, ದಡ್ಡತನ. ಹೆಂಡತಿಯ ದಡ್ಡತನಕ್ಕೆ ಇಷ್ಟು ಮರ್ಯಾದೆ ಕೊಟ್ಟ ಗಂಡಸು ಕಾತ್ರಜ ಘಾಟಿನಿಂದ ಆಚೆಗೂ ಈಚೆಗೂ ಇನ್ನೊಬ್ಬರಿರಲಿಲ್ಲ.

"ಇನ್ನೇನು ಒತ್ಲಿ, ರೀ?"

"ನನ್ನ ಕೇಳಬ್ಯಾಡ. ಪುಟಾನ ಕೇಳು."

ಪುಟ ಎಂದರೆ ಕೈಪಿಡಿಯ ಪುಟ. ಕನ್ನಡ ಟೈಪು ಮಾಡುವ ಒಂದು ತಂತ್ರಾಂಶವನ್ನು ಬೇರೆ ಬೇರೆ ಊರಿನ ಹತ್ತಾರು ಜನ ಬಿಡುವಿನಲ್ಲಿ ಕಟ್ಟುತ್ತಿದ್ದರು. ಯಾರು ಬೇಕಾದರೂ ಪುಕ್ಕಟೆ ಪಡೆಯಬಹುದು, ತಿಳಿದವರು ಬಿಚ್ಚಿ ತಿದ್ದಲೂಬಹುದು. ರಾಂಜಣಗಾಂವದ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ ಇವರಿಗೆ ಪ್ರೋಗ್ರಾಂ ಬರೆಯಲು ಬರುತ್ತಿರಲಿಲ್ಲ. ಕೈಪಿಡಿ ಬರೆಯುವ ಕೆಲಸವನ್ನು ತಾವಾಗಿ ಕೇಳಿ ಪಡೆದಿದ್ದರು. ಪ್ರತಿ ಪುಟವನ್ನೂ ಮೊದಲು ನಾನು ಓದಿ, ಹಾಗೆಯೇ ಮಾಡಬೇಕು. ನಾನು ತಪ್ಪಿದರೆ ಪುಟವೇ ತಪ್ಪು.

ಬರೆದು ಹೇಳುವುದು ಇವರ ಹಳೆಯ ಚಟ. ನಮ್ಮ ಬಚ್ಚಲಿನ ಚಿಲಕ ಹಟಮಾರಿಯೆಂದು 'ಮೊದಲು ಮೇಲೆತ್ತಿ, ಆಮೇಲೆ ಎಳೆಯಿರಿ' ಎಂಬ ಚೀಟಿಯನ್ನು ಬಾಗಿಲಿಗೆ ಅಂಟಿಸಿದ್ದರು. ಜೇಜುರಿಯ ದೇವರ ದರ್ಶನಕ್ಕೆಂದು ಬಂದಿದ್ದ ಇವರ ಅಕ್ಕನ ಗಂಡ ಒಂದು ಬೆಳಿಗ್ಗೆ ಒಳಗೆ ಸಿಕ್ಕಿಕೊಂಡರು.

"ಚೀಟಿ ಓದ್ರಿ ಮಾವ," ಎಂದರು ಇವರು.

"ಚೀಟಿ ಹೊರಗದ. ನಾ ಒಳಗದೀನಿ."

ನಾವೆಲ್ಲ ನಕ್ಕೆವು, ಇವರು ನಗಲಿಲ್ಲ. ಅವರನ್ನು ಬಿಡಿಸಿದ ಮೇಲೆ ಚೀಟಿ ಕಿತ್ತು ಒಳಬದಿಗೆ ಅಂಟಿಸಿದರು. "ತಪ್ಪು ಅವರದಲ್ಲ, ಬರದವಂದು," ಎಂದರು.

ಆ ವರ್ಷ ತಂಡದವರು ಕೈಪಿಡಿಯನ್ನೆಲ್ಲ ಒಂದೇ ನಮೂನೆಗೆ ತರಬೇಕೆಂದು ತೀರ್ಮಾನಿಸಿದರು. ಪ್ರತಿ ಪುಟಕ್ಕೂ ಅವೇ ಐದು ತಲೆಬರಹ: ಉದ್ದೇಶ, ಬೇಕಾಗುವುದು, ಹಂತಗಳು, ಉದಾಹರಣೆ, ಇದನ್ನೂ ನೋಡಿ. ಒಂದು ಪುಟ ಹಳೆಯ ರೀತಿಯಲ್ಲಿ ಉಳಿದರೂ ಕೈಪಿಡಿ ತಂತ್ರಾಂಶದ ಹೊಸ ಆವೃತ್ತಿಯ ಜೊತೆ ಹೋಗುವಂತಿಲ್ಲ. ಇವರ ಪುಟಗಳೋ, 'ಮೊದಲು ಚಹಾದ ಕಪ್ಪು ದೂರ ಇಡು' ಎಂದು ಶುರುವಾಗುತ್ತಿದ್ದವು. ಒಮ್ಮೆ ನಾನು ಕೀಲಿಮಣೆಯ ಮೇಲೆ ಚೆಲ್ಲಿದ್ದೆ, ಅದಕ್ಕೆ.

ತಂಡದ ಗೆಳೆಯರೊಬ್ಬರು ಫೋನು ಮಾಡಿ, "ಕಾಕಾ, ಈ ಚಹಾ ಯಾವ ತಲೆಬರಹದ ಕೆಳಗ ಇಡೋದ್ರಿ?" ಎಂದು ಕೇಳಿದರು. ಇವರು ಎರಡು ದಿನ ಯೋಚಿಸಿ ಬರೆದರು: 'ಬೇಕಾಗುವುದು: ಖಾಲಿ ಮೇಜು.'

"ನನ್ನ ಚಹಾ ತಗದ ಬಿಟ್ರಲ್ಲ?" ಎಂದೆ.

"ಹಳೇ ಪುಟ ನಿನಗಷ್ಟ ತಿಳೀತಿತ್ತು. ಇದನ್ನ ಯಾರ ಬೇಕಾದ್ರೂ ಮುಂದ ಬರೀಬಹುದು."

ಆ ಭಾನುವಾರದ ಹೊತ್ತಿಗೆ ಉಳಿದೆಲ್ಲ ಪುಟಗಳೂ ಹೊಸ ನಮೂನೆಗೆ ಬಂದಿದ್ದವು. ಕಾಗದದ ಮೇಲೆ ಅಚ್ಚು ತೆಗೆಯುವ ಪುಟ ಒಂದೇ ಬಾಕಿ. ಹೇಳಿದಂತೆಯೇ ಒತ್ತಿದೆ. ಕಾಗದ ಬರಲಿಲ್ಲ. ಇವರು ಮುಂದೆ ಬಾಗಿ ಪ್ರಿಂಟರ್ ನೋಡಿದರು, ಒಬ್ಬರೇ ನಕ್ಕರು.

"ಒಂದ ಮಾತು ಬಿಟ್ಟೀನಿ. ನಾಳೆ ಬರೀತೀನಿ."

"ಏನದು?"

"ಪುಟಾನ ಕೇಳು."

"ನಿಮ್ಮ ಪುಟದ ಮಾತ ಕೇಳ್ಕೋತ ಕೂತ್ರ ರೊಟ್ಟಿ ಯಾರ ಬಡೀತಾರ?" ಎಂದು ಎದ್ದು ಹೋದೆ.

ಮರುದಿನ ಕಾರ್ಖಾನೆಯಲ್ಲಿ ಯಂತ್ರದ ಪಕ್ಕದಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋದರು.

ತಿಂಗಳ ಮೇಲೆ ಅದೇ ಗೆಳೆಯರು ಫೋನು ಮಾಡಿದರು. "ಕಾಕೂ, ಒಂದ ಪುಟ ಉಳದದ. ನಾವ ಬರಕೊಳ್ಳೋಣೇನ್ರಿ?"

"ಬ್ಯಾಡ್ರಿ, ನಾ ನೋಡ್ತೀನಿ," ಎಂದೆ. ಅವರ ಕೈಪಿಡಿಯ ಕೊನೆಯ ಪುಟ ಬೇರೆಯವರ ಕೈಯಲ್ಲಿ ಮುಗಿಯುವುದು ನನಗೆ ಬೇಡವಾಗಿತ್ತು.

ಅವರು ಬಿಟ್ಟಿದ್ದ ಆ ಮಾತು ಏನೆಂದು ನಾಲ್ಕು ದಿನ ಹುಡುಕಿದೆ. ಐದನೆಯ ದಿನ ಧೂಳು ಒರೆಸುವಾಗ ಪ್ರಿಂಟರಿನ ಹಿಂಬದಿಯಲ್ಲಿ ಒಂದು ಸ್ವಿಚ್ಚು ಕೈಗೆ ತಾಗಿತು. ಅಂಥದೊಂದು ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಪ್ರತಿ ಸಲವೂ ನಾನು ಕೂರುವ ಮೊದಲೇ ಇವರು ಅದನ್ನು ಹಾಕಿಟ್ಟಿರುತ್ತಿದ್ದರು. ಆ ಭಾನುವಾರ ಮರೆತಿದ್ದರು.

'ಬೇಕಾಗುವುದು' ಎಂಬಲ್ಲಿ ಅದನ್ನು ಬರೆದೆ. ಬರೆದವಳೇ ಓದಿ ನೋಡಿದರೆ ಆಗುವುದಿಲ್ಲವಲ್ಲ. ಇವರ ಅಕ್ಕ ಬಂದಾಗ ಅವರನ್ನು ಕೂರಿಸಿ, ಪಕ್ಕದಲ್ಲಿ ಕೈಕಟ್ಟಿ ಕೂತೆ.

"ಈಗೇನು ಒತ್ಲೆವ್ವಾ?"

"ಪುಟಾನ ಕೇಳ್ರಿ, ಅಕ್ಕಾ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಓದಿದರು, ಪ್ರಿಂಟರಿನ ಹಿಂದೆ ಕೈ ಹಾಕಿದರು. ಕಾಗದ ಬಂತು.

ಕೈಪಿಡಿ ಹೊಸ ಆವೃತ್ತಿಯ ಜೊತೆ ಹೋಯಿತು. ಪ್ರತಿ ಪುಟದಲ್ಲೂ ಐದು ತಲೆಬರಹಗಳಿವೆ, ಐದರ ಕೆಳಗೂ ಬರಹವಿದೆ. ನಾನು ಕೂರುವ ಮೊದಲೇ ಸ್ವಿಚ್ಚು ಹಾಕಿಡುವವರು ಇಲ್ಲ.