ಬೀಗದಣ್ಣನ ಬಡತನ

ಪಕ್ಕದ ರಾಜ್ಯದ ಕೋರ್ಟಿನಿಂದ ಬಂದ ಕಾಗದದಲ್ಲಿ ಬೀಗದಣ್ಣನಿಗೆ ಓದಲು ಬಂದದ್ದು ಎರಡೇ: ತನ್ನ ಮನೆ ನಂಬರು ಮತ್ತು ಇವತ್ತಿನ ತಾರೀಖು. ಉಳಿದದ್ದೆಲ್ಲ ಆ ಕಡೆಯ ಭಾಷೆ. ಇರುವೆಗಳು ಮಸಿಯಲ್ಲಿ ಬಿದ್ದೆದ್ದು ಹಾಳೆಯ ಮೇಲೆ ವಾಯುವಿಹಾರ ಮಾಡಿದಂತಿತ್ತು.

ಹೆಂಡತಿ ಬೇರೆಯಾಗಿ, ಮಗಳನ್ನು ಕರೆದುಕೊಂಡು ಅತ್ತ ಹೋಗಿ ಆರು ವರ್ಷ. ಬೀಗ ರಿಪೇರಿ ಮಾಡಿ, ಕೀಲಿಕೈ ಉಜ್ಜಿ, ಮಗಳ ಜೀವನಾಂಶವನ್ನು ಒಂದು ತಿಂಗಳೂ ತಪ್ಪದೆ ಕಳಿಸಿದ್ದ. ಈಗೇನಪ್ಪ ಎಂದು ಕಾಗದವನ್ನು ಮೇಲ್ಮನೆಯ ಟಿಕೆಟ್ ಮಾವನ ಹತ್ತಿರ ಒಯ್ದ. ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಟ್ಟು ನಿವೃತ್ತರಾದ ಅವರು ಹಿಂದೊಮ್ಮೆ ವರ್ಗವಾಗಿ ಆ ರಾಜ್ಯದಲ್ಲಿ ಎಂಟು ತಿಂಗಳಿದ್ದವರು.

ಮಾವ ಕಾಗದವನ್ನು ಬೆಳಕಿಗೆ ಹಿಡಿದರು. “ಇದು ‘ಮಗಳು’. ಇದು ‘ಮನೆ’. ಇದು ‘ನೋಡೋಕೆ ಬರ್ತಾರೆ’. ಮುಗೀತು ಕಣಯ್ಯ ನಿನ್ ಕತೆ. ಆಸ್ತಿ ಅಳೆಯೋಕೆ ಬರ್ತಿದಾರೆ. ಜೀವನಾಂಶ ಡಬಲ್.”

“ಡಬಲ್ ಅಂತ ಎಲ್ಲಿದೆ ಮಾವ?”

“ಅದನ್ನ ಬರೆಯಲ್ಲ. ಮಾಡ್ತಾರೆ.”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ಆ ಕಟ್ಟಡದಲ್ಲಿ ಬರವಿರಲಿಲ್ಲ. ಡ್ಯೂಟಿ ಮುಗಿಸಿ ಬಂದ ಕೆಳಮನೆಯ ನರ್ಸಮ್ಮ ಚೀಲ ಇಳಿಸುವ ಮೊದಲೇ ಚಿಕಿತ್ಸೆ ಹೇಳಿದಳು: “ಮೊದ್ಲು ಆ ಫ್ರಿಜ್ಜನ್ನ ನಮ್ಮನೇಗೆ ಸಾಗ್ಸಿ.”

“ಬೇಡ ನರ್ಸಮ್ಮ. ಇದ್ದದ್ದನ್ನ ಇದ್ದ ಹಾಗೇ ನೋಡ್ಕೊಂಡು ಹೋಗ್ಲಿ.”

“ನಿಮಗೆ ಲೋಕಜ್ಞಾನ ಇಲ್ಲ. ಸುಮ್ನಿರಿ.”

ಸುಮ್ಮನಿದ್ದ. ಅವನು ಮಾಡಿದ ತಪ್ಪು ಅದೊಂದೇ. ಫ್ರಿಜ್ಜಿನ ಹಿಂದೆ ಮಂಚ ಹೋಯಿತು, ಮಂಚದ ಹಿಂದೆ ಮೇಜು. ಮಾವ ಫ್ಯಾನು ಬಿಚ್ಚಿಕೊಂಡು, ಹೋಗುವಾಗ ಕಣ್ಣಿಗೆ ಬಿದ್ದ ಪರದೆಗಳನ್ನೂ ಒಯ್ದರು. ಮನೆ ಬೋಳಿಸಿದ ತಲೆಯ ಹಾಗಾಯಿತು. ಉಳಿದದ್ದು ಒಂದು ಬಕೆಟ್ಟು ಮತ್ತು ಬೀಗದಣ್ಣ. ನರ್ಸಮ್ಮ ಅವನ ಅಂಗಿಯ ಎರಡು ಗುಂಡಿ ಕತ್ತರಿಸಿ, “ಎಲ್ಲಿ, ಸ್ವಲ್ಪ ಕೆಮ್ಮಿ,” ಅಂದಳು. ಕೆಮ್ಮಿದ. ಅವಳಿಗೆ ಸಮಾಧಾನವಾಗಲಿಲ್ಲ.

ಮೂರು ಗಂಟೆಗೆ ಮಕ್ಕಳ ಕಲ್ಯಾಣ ಕಚೇರಿಯ ಅಧಿಕಾರಿಣಿ ಬಂದರು. ಈ ಊರಿನವರೇ. ಬೀಗದಣ್ಣ ಬಕೆಟ್ಟನ್ನು ಬೋರಲು ಹಾಕಿ ಕೂರಿಸಿದ.

“ಆ ಕಡೆ ಕೋರ್ಟಿನವರು ನಮ್ಗೆ ಬರೆದಿದಾರೆ. ನಿಮ್ಮ ಮಗಳು ಇನ್ಮೇಲೆ ಅಪ್ಪನ ಹತ್ರಾನೇ ಇದ್ದು ಓದ್ತೀನಿ ಅಂದಿದಾಳಂತೆ. ತಾಯಿನೂ ಒಪ್ಪಿದಾರೆ. ಮನೆ ಮಗೂಗೆ ತಕ್ಕ ಹಾಗಿದ್ಯಾ ನೋಡೋಕೆ ಬಂದೆ. ಕಾಗದ ಓದ್ಲಿಲ್ವಾ?”

ಬೀಗದಣ್ಣ ಗುಂಡಿಯಿಲ್ಲದ ಅಂಗಿಯನ್ನು ಎಳೆದು ಸರಿಮಾಡಿಕೊಂಡ. ಆರು ವರ್ಷ ಬರೀ ಫೋನಿನೊಳಗೆ ಬೆಳೆದ ಮಗಳು.

“ಮಗು ಎಲ್ಲಿ ಮಲಗುತ್ತೆ?”

“ಮಂಚ ಇದೆ ಮೇಡಂ!”

“ಎಲ್ಲಿ?”

“ಕೆಳಗಡೆ!”

ಮೆಟ್ಟಿಲಿಳಿಯುತ್ತಲೇ ನಡೆದದ್ದನ್ನೆಲ್ಲ ಒದರಿ, ನರ್ಸಮ್ಮನ ಬಾಗಿಲು ಬಡಿದ. “ನರ್ಸಮ್ಮ, ನನ್ ಮಂಚ, ಫ್ರಿಜ್ಜು ತೋರ್ಸಿ!”

ನರ್ಸಮ್ಮ ಅಧಿಕಾರಿಣಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಷ್ಟಕಾಲದಲ್ಲಿ ಕೈಬಿಡುವ ಪೈಕಿ ಅವಳಲ್ಲ. “ಇವ್ರಿಗೆ ಮಂಚ ಎಲ್ಲಿಂದ ಬರ್ಬೇಕು ಮೇಡಂ? ಎಲ್ಲಾ ನಮ್ದೇ.”

“ಅಯ್ಯೋ, ನಿಜ ಹೇಳಿ! ನನ್ ಮಗಳು ಬರ್ತಾಳಂತೆ!”

“ಹೊಟ್ಟೆಗಿಲ್ದಿದ್ರೆ ಹೀಗೆಲ್ಲ ಬಡಬಡಿಸ್ತಾರೆ,” ಎಂದು ನರ್ಸಮ್ಮ ಆಸ್ಪತ್ರೆಯ ದನಿಯಲ್ಲಿ ವಿವರಿಸಿದಳು.

ಮೇಲಿನಿಂದ ಟಿಕೆಟ್ ಮಾವ ಬಗ್ಗಿ ಕೂಗಿದರು. “ಫ್ಯಾನೂ ನಮ್ದೇ ಮೇಡಂ!” ಫ್ಯಾನಿನ ಸುದ್ದಿ ಯಾರೂ ಎತ್ತಿರಲಿಲ್ಲ.

ಅಧಿಕಾರಿಣಿ ಕನಿಕರದಿಂದ ಪೆನ್ನು ತೆಗೆದರು. “ಮಗು ತಾಯಿ ಹತ್ರಾನೇ ಇರ್ಲಿ ಅಂತ ಬರೀತೀನಿ. ನೀವು ಚಿಂತೆ ಮಾಡ್ಬೇಡಿ, ಜೀವನಾಂಶ ಅರ್ಧಕ್ಕೆ ಇಳಿಸಿ ಅಂತಾನೂ ಬರೀತೀನಿ.”

ಅವರು ಗೇಟು ದಾಟಿದ್ದೇ ತಡ, ಮಾವ ಎರಡೆರಡು ಮೆಟ್ಟಿಲು ಹಾರಿ ಬಂದರು. “ಅರ್ಧ! ನಮ್ಮಿಂದ ಅರ್ಧ ಉಳೀತು ಕಣಯ್ಯ!”

ಬೀಗದಣ್ಣ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡ. ನರ್ಸಮ್ಮ ಅವನ ಬೆನ್ನು ತಟ್ಟಿದಳು.

“ಅಳಿ, ಅಳಿ. ಸಂತೋಷ ಜಾಸ್ತಿ ಆದಾಗ ಹೀಗಾಗುತ್ತೆ. ಥ್ಯಾಂಕ್ಸ್ ಎಲ್ಲ ಏನೂ ಬೇಡ.”